ಐದು ಸಲ ‘ಎಂತಕ್ಕೆ’

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ಹೊಸೂರಿನ ಒಂದು ಕಾರ್ಖಾನೆಯಲ್ಲಿ 12 ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದೆ. ಅಪ್ಪನಿಂದ ಅಡಿಕೆ ತೋಟ ನೋಡಿಕೊಳ್ಳೋಕೆ ಆಗದೆ ಹೋದಾಗ ಊರಿಗೆ ಬಂದೆ. ಆಮೇಲೆ ಪರಿಚಯದವರೊಬ್ಬರು ಜೈಲಿನ ಚಪಾತಿ ಘಟಕಕ್ಕೆ ಕರೆದುಕೊಂಡು ಹೋದರು.

ಜೈಲಿನ ಕೆಲಸ ಅಂದ್ರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗೋದು ಚೀಮೇನಿಯ ತೆರೆದ ಜೈಲು, ಅಲ್ಲಿನ ಕೆಂಪುಕಲ್ಲು. ಆಮೇಲೆ ಕೈದಿಗಳು ಮಾಡೋ ‘ಫ್ರೀಡಂ’ ಚಪಾತಿ. ಕೇರಳದ ಜೈಲುಗಳಲ್ಲಿ ಹಲವು ವರ್ಷ ಒಂದಕ್ಕೆ 2 ರೂಪಾಯಿಯಂತೆ ಮಾರಿದರು. ನಾನು ಹೋದ ಜೈಲಿನ ಹೆಸರು ಇಲ್ಲಿ ಬೇಡ.

ಮೊದಲ ದಿನ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬುಟ್ಟಿ. ಅಂಚು ಒಡೆದ ಚಪಾತಿಗಳು ಅದರ ತುಂಬ ಇದ್ದವು. ‘ಅವನು ಸರಿಯಾಗಿ ಕಲಸೋದಿಲ್ಲ’ ಅಂತ ಎಲ್ಲರೂ ಒಬ್ಬನ ಕಡೆ ಕೈ ತೋರಿಸಿದರು. ಟೊಯೋಟಾ ಕಾರು ಕಂಪನಿಯ ಎಂಜಿನಿಯರ್ ತಾಯಿಚಿ ಓನೊ ಹೇಳಿಕೊಟ್ಟ ಒಂದು ರೂಢಿ ಇದೆ. ಏನಾದರೂ ಕೆಟ್ಟರೆ ‘ಯಾಕೆ’ ಅಂತ ಐದು ಸಲ ಕೇಳಬೇಕು. ಯಾರು ಮಾಡಿದ್ದು ಅಂತ ಕೇಳೋ ಹಾಗಿಲ್ಲ. ಜೈಲಿನಲ್ಲಿ ಇದು ಜಾಸ್ತಿ ಸರಿ ಅನಿಸಿತು. ಅಲ್ಲಿರುವವರು ‘ಯಾರು’ ಅನ್ನೋ ಪ್ರಶ್ನೆಯನ್ನು ಪೊಲೀಸರಿಂದ, ಕೋರ್ಟಿನಿಂದ ಸಾಕಷ್ಟು ಕೇಳಿಸಿಕೊಂಡಿದ್ದಾರೆ, ಅಲ್ವಾ?

ನಮ್ಮ ಕಡೆಯ ಮಾತಿನಲ್ಲೇ ಕೇಳಿದೆ. ಚಪಾತಿ ಒಡೆಯೋದು ಎಂತಕ್ಕೆ? ಹಿಟ್ಟು ಗಟ್ಟಿ. ಎಂತಕ್ಕೆ? ನೀರು ಕಡಿಮೆ. ಎಂತಕ್ಕೆ? ಅಂದಾಜಿಗೆ ಹಾಕಿದ್ದು. ಅಳತೆ ಗೋಡೆಯ ಬೋರ್ಡಿನಲ್ಲೇ ಇದೆಯಲ್ಲ, ಎಂತಕ್ಕೆ ನೋಡಲಿಲ್ಲ? ಅವನು ತಲೆ ತಗ್ಗಿಸಿ ನಿಂತ. ಸ್ವಲ್ಪ ಹೊತ್ತು ಬಿಟ್ಟು ತುಳುವಿನಲ್ಲಿ ಮೆಲ್ಲ ಹೇಳಿದ: ಬೋರ್ಡು ಮಲಯಾಳದಲ್ಲಿದೆ, ತಾನು ಪೆರ್ಲದ ಕನ್ನಡ ಶಾಲೆಗೆ ಹೋದವನು. ಕೇಳಬಹುದಿತ್ತಲ್ಲ, ಎಂತಕ್ಕೆ ಕೇಳಲಿಲ್ಲ? ‘ನಗ್ತಾರೆ.’

ಮಲಯಾಳದ ಬೋರ್ಡಿನ ಪಕ್ಕದಲ್ಲೇ ಕನ್ನಡದಲ್ಲೊಂದು ಹಾಕಿದೆವು. 10 ಕಿಲೋ ಹಿಟ್ಟಿಗೆ 6 ಲೀಟರ್ ನೀರು. ಬಕೆಟ್ಟಿಗೆ 6 ಲೀಟರ್ ಬರುವಲ್ಲಿ ಕೆಂಪು ಪೇಂಟಿನಿಂದ ಗೆರೆ ಎಳೆದವನು ಅವನೇ. ಬುಟ್ಟಿಯಲ್ಲಿ ಬೀಳುವ ಚಪಾತಿಗಳನ್ನು ದಿನಾ ಸಂಜೆ ಎಣಿಸಿ ಗೋಡೆಯ ಹಾಳೆಯಲ್ಲಿ ಬರೆಯೋ ಕೆಲಸವನ್ನೂ ಅವನಿಗೇ ಕೊಟ್ಟೆವು. ಎರಡು ವಾರದಲ್ಲಿ ಬುಟ್ಟಿಯ ತಳ ಕಾಣತೊಡಗಿತು. ಲಟ್ಟಣಿಗೆ, ತವಾ, ತಕ್ಕಡಿಗೆ ಒಂದೊಂದು ಜಾಗ ಗೊತ್ತು ಮಾಡಿದ್ದು, ಕೆಲಸದ ಸಾಲು ಬದಲಿಸಿದ್ದು, ಅದೆಲ್ಲ ಯಾವ ಕಾರ್ಖಾನೆಯಲ್ಲೂ ಇದ್ದದ್ದೇ.

ಅವನ ಶಿಕ್ಷೆ ಮುಗಿಯಿತು, ಹೋದ. ನಾಲ್ಕು ತಿಂಗಳಿಗೆ ಮತ್ತೊಂದು ಕಳ್ಳತನದ ಕೇಸಿನಲ್ಲಿ ಒಳಗೆ ಬಂದ.

ನನಗೆ ತುಂಬ ಬೇಜಾರಾಯಿತು. ‘ಇಂಥವರು ಹೀಗೇ’ ಅಂದರು ಕೆಲವರು. ಚಪಾತಿಗೆ ಕೇಳಿದ್ದನ್ನು ಇವನಿಗೂ ಕೇಳಬೇಕಲ್ಲ ಅಂತ ಎದುರು ಕೂತೆ. ಕದ್ದದ್ದು ಎಂತಕ್ಕೆ? ಕೈಯಲ್ಲಿ ಕಾಸಿರಲಿಲ್ಲ. ಜೈಲಿನಲ್ಲಿ ದುಡಿದ ಕೂಲಿ ಬ್ಯಾಂಕಿನಲ್ಲಿತ್ತಲ್ಲ? ಎಟಿಎಂ ಕಾರ್ಡಿನ ಅವಧಿ ಮುಗಿದಿತ್ತು. ಹೊಸ ಕಾರ್ಡು? ಬ್ಯಾಂಕಿಗೆ, ಆಧಾರಿಗೆ ಕೊಟ್ಟದ್ದು ಹಳೇ ಮೊಬೈಲ್ ನಂಬರು. ವರ್ಷಗಟ್ಟಲೆ ರೀಚಾರ್ಜ್ ಇಲ್ಲದೆ ಆ ಸಿಮ್ ಸತ್ತಿತ್ತು, ಒಟಿಪಿ ಬರೋ ದಾರಿಯೇ ಇರಲಿಲ್ಲ. ಬ್ಯಾಂಕಿಗೆ ಎಂತಕ್ಕೆ ಹೋಗಲಿಲ್ಲ? ಒಮ್ಮೆ ಹೋದನಂತೆ, ಇಷ್ಟು ವರ್ಷ ಎಲ್ಲಿದ್ದೆ ಅಂತ ಕೇಳಿದ್ದಕ್ಕೆ ವಾಪಸ್ ಬಂದನಂತೆ.

ಅವನು ಮಾಡಿದ್ದು ತಪ್ಪೇ. ಕಳ್ಳತನವಾದ ಮನೆಯವರ ನಷ್ಟ ನಿಜವೇ. ಆದರೆ ನಾವು ಕೆಲಸದ ಕೊನೆಯ ಹಂತ ಅಂದುಕೊಂಡಿದ್ದದ್ದು ಜೈಲಿನ ಗೇಟು. ಕಾರ್ಖಾನೆಯಿಂದ ಮಾಲು ಲಾರಿ ಹತ್ತಿದ ಮೇಲೂ ಗಿರಾಕಿಗೆ ತಲುಪಿತೋ ಇಲ್ಲವೋ ಅಂತ ನಾನು ಎಷ್ಟು ಫೋನ್ ಮಾಡುತ್ತಿದ್ದೆ! ಮನುಷ್ಯರ ವಿಷಯದಲ್ಲಿ ಒಂದು ಫೋನೂ ಮಾಡಿರಲಿಲ್ಲ.

ಈಗ ಬಿಡುಗಡೆಗೆ 90 ದಿನ ಇರುವಾಗಲೇ ಒಬ್ಬೊಬ್ಬರ ಹೆಸರಲ್ಲೂ ಒಂದು ಹಾಳೆ ಶುರುವಾಗುತ್ತೆ. ಮನೆಯವರ ಕೈಯಲ್ಲಿ ಚಾಲ್ತಿ ಸಿಮ್ ಇದೆಯಾ? ಬ್ಯಾಂಕಿನಲ್ಲಿ ನಂಬರು ಬದಲಾಯಿತಾ? ರೇಷನ್ ಕಾರ್ಡಿನಲ್ಲಿ ಹೆಸರು ಉಳಿದಿದೆಯಾ? ಮೊದಲ ಸೋಮವಾರ ಕೆಲಸಕ್ಕೆ ಯಾರ ಹೋಟೆಲಿಗೆ ಹೋಗಬೇಕು? ಆದದ್ದಕ್ಕೆ ಹಸಿರು, ಆಗದ್ದಕ್ಕೆ ಕೆಂಪು. ಹೊರಗೆ ಹೋದ ಮೇಲೆ 1ನೇ, 7ನೇ, 30ನೇ ದಿನ ನಾನೇ ಫೋನ್ ಮಾಡುತ್ತೇನೆ. ಸುಮ್ನೆ ಊಟ ಆಯ್ತಾ ಅಂತ ಕೇಳಿದರೂ ಸಾಕು, ಮಾತು ಬರುತ್ತೆ. ಏಳನೇ ದಿನದ ಫೋನು ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ಜಗಳ ಶುರುವಾಗೋದು, ಹಳೇ ಗೆಳೆಯರು ಬಂದು ಕರೆಯೋದು ಆ ಹೊತ್ತಿಗೇ.

ಪೆರ್ಲದವನು ಎರಡನೇ ಸಲ ಹೊರಗೆ ಬಂದಾಗ ಅವನ ಹಾಳೆಯಲ್ಲಿ ಒಂದೇ ಸಾಲು ಕೆಂಪಾಗಿತ್ತು: ಮೊದಲ ತಿಂಗಳು ಉಳಿಯೋ ಜಾಗ. ಅಣ್ಣ ಮನೆಗೆ ಸೇರಿಸಲಿಲ್ಲ. ಉಪ್ಪಳದ ಹೋಟೆಲಿನವರು ಹಿಂದಿನ ಸಾಮಾನು ಕೋಣೆಯನ್ನು ಖಾಲಿ ಮಾಡಿಕೊಟ್ಟರು. ಅವನೀಗ ಅಲ್ಲೇ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸುತ್ತಾನೆ. ಮುಂದಿನ ತಿಂಗಳು ಇನ್ನಿಬ್ಬರು ಹೊರಗೆ ಬರುತ್ತಾರೆ, ಅವರ ಹಾಳೆಯಲ್ಲೂ ಅದೇ ಸಾಲು ಕೆಂಪು. ಕುಂಬಳೆ, ಮುಳ್ಳೇರಿಯ ಕಡೆ ಒಂದೊಂದು ಕೋಣೆ ಹುಡುಕುತ್ತಿದ್ದೇನೆ.