ಒಬ್ಬರೇ ಎತ್ತುವಷ್ಟು ದೊಡ್ಡ ಮನೆ

ಊರಾಚೆ ಒಂದು ತುಂಡು ಜಾಗ, ಅದರಲ್ಲೊಂದು ಪುಟ್ಟ ಮನೆ, ರಜೆ ಸಿಕ್ಕಾಗ ಹೋಗಿ ಇದ್ದು ಬರುವುದು. ಈ ಆಸೆ ಎಷ್ಟೋ ಜನರಿಗಿದೆ. ಅದನ್ನು ಒಬ್ಬರೇ ಕಟ್ಟಬಹುದಾ ಅಂತ ಯಾರಾದರೂ ಕೇಳಿದರೆ, ಕಟ್ಟಬಹುದು ಅನ್ನುತ್ತೇನೆ. ಆದರೆ ನಕ್ಷೆ ಬರೆಯುವಾಗಲೇ ನಿಮ್ಮ ಎರಡು ಕೈಗಳನ್ನು ಅಳತೆಗೆ ಇಟ್ಟುಕೊಳ್ಳಬೇಕು. ಒಂದು ತುದಿಯನ್ನೂ ನೀವು ಎತ್ತಲಾಗದ ತೊಲೆ, ಒಬ್ಬರೇ ಹೊರಲಾಗದ ಕಲ್ಲು, ಒಬ್ಬರೇ ಹಿಡಿದು ನಿಲ್ಲಲಾಗದ ಶೀಟು ಆ ನಕ್ಷೆಯಲ್ಲಿ ಇರಲೇಬಾರದು. ನಾನು ಹಾಗೇ ಕಟ್ಟಿದೆ. 3 ಮೀಟರ್‌ಗೆ 4 ಮೀಟರ್‌ನ ಒಂದೇ ಕೋಣೆ, ಅದರ ಮುಂದೆ ಒಂದೂವರೆ ಮೀಟರ್ ಅಗಲದ ಜಗಲಿ. ಕಟ್ಟೋದಕ್ಕೆ ಮಾತ್ರ ಅಲ್ಲ, ಆಮೇಲೆ ಗುಡಿಸಿ, ಒರೆಸಿ, ರಿಪೇರಿ ಮಾಡಿಕೊಂಡಿರೋದಕ್ಕೂ ಒಬ್ಬರಿಗೆ ಇದೇ ಸರಿಯಾದ ಗಾತ್ರ. ಇನ್ನೂ ದೊಡ್ಡದಾದರೆ ಹೋದಾಗೆಲ್ಲ ಮನೆಯ ಸೇವೆಯೇ ಆಗುತ್ತೆ, ಕೂರೋದಕ್ಕೆ ಹೊತ್ತೇ ಸಿಗಲ್ಲ.

ಜಾಗ

ಜಾಗವನ್ನು ಒಳ್ಳೆ ಬಿಸಿಲಲ್ಲಿ ನೋಡಿ ಒಪ್ಪಬೇಡಿ. ಜೋರು ಮಳೆ ಬರುವಾಗ ಹೋಗಿ ನಿಂತು ನೋಡಿ. ನೀರು ಎಲ್ಲಿಂದ ಇಳಿಯುತ್ತೆ, ಎಲ್ಲಿ ನಿಲ್ಲುತ್ತೆ, ಬರುವ ದಾರಿ ಕೆಸರಾದರೆ ಗಾಡಿ ಎಲ್ಲಿ ನಿಲ್ಲಿಸಿ ನಡೆಯಬೇಕು ಅನ್ನೋದೆಲ್ಲ ಆಗಲೇ ತಿಳಿಯುತ್ತೆ. ಕಾಗದಪತ್ರದಲ್ಲಿ ಮುಖ್ಯವಾಗಿ ಎರಡು ವಿಷಯ ನೋಡಿಕೊಳ್ಳಿ. ಓಡಾಡುವ ದಾರಿಯ ಹಕ್ಕು ಬರಹದಲ್ಲಿ ಇದೆಯಾ? ಅಲ್ಲಿ ಮನೆ ಕಟ್ಟಲು ಅನುಮತಿ ಸಿಗುತ್ತಾ? ಈ ಎರಡೂ ಸರಿ ಇಲ್ಲದ ಜಾಗ ಎಷ್ಟೇ ಚೆನ್ನಾಗಿದ್ದರೂ ಬೇಡ.

ಜಾಗ ಸಿಕ್ಕ ಮೇಲೆ ಮೊದಲು ಕಟ್ಟಬೇಕಾದ್ದು ಮನೆ ಅಲ್ಲ, ನೆರಳಲ್ಲಿ ಒಂದು ಬೆಂಚು. ಅದರ ಪಕ್ಕದಲ್ಲಿ ಬೀಗ ಹಾಕುವ ಒಂದು ಪೆಟ್ಟಿಗೆ, ಹಾರೆ ಸಲಿಕೆ ಇಡೋದಕ್ಕೆ. ನಾನು ಬೆಂಚಿನ ಮೇಲೆ ಕೂತೇ ಮನೆಯ ಬಾಗಿಲು ಯಾವ ಕಡೆಗೆ ಅಂತ ತೀರ್ಮಾನ ಮಾಡಿದ್ದು. ಮಧ್ಯಾಹ್ನದ ಬಿಸಿಲು ಎಲ್ಲಿ ಹೊಡೆಯುತ್ತೆ, ಸಂಜೆ ಗಾಳಿ ಎಲ್ಲಿಂದ ಬರುತ್ತೆ, ಮಳೆಯ ಎರಚಲು ಯಾವ ಕಡೆಯದು ಅನ್ನೋದನ್ನು ಕಾಗದದ ಮೇಲೆ ಕಂಡುಕೊಳ್ಳೋಕೆ ಆಗಲ್ಲ. ಅದೂ ಅಲ್ಲದೆ ಮೊದಲ ದಿನದಿಂದಲೇ ಅದು ನೀವು ಕೂತು ಖುಷಿಪಡುವ ಜಾಗವಾಗಿರುತ್ತೆ. ಮನೆ ಮುಗಿದ ಮೇಲೆ ಖುಷಿಪಡೋಣ ಅಂತ ಕಾಯುವವರು ಕಾಯುತ್ತಲೇ ಇರುತ್ತಾರೆ.

ರಿಚರ್ಡ್ ಪ್ರೆನಕಿ ಅನ್ನುವವರು ಅಲಾಸ್ಕಾದ ಟ್ವಿನ್ ಲೇಕ್ಸ್ ದಡದಲ್ಲಿ ಒಬ್ಬರೇ ಮರದ ಮನೆ ಕಟ್ಟಿದ್ದರು. 1967ರಲ್ಲಿ ಮರ ಕಡಿದು ಇಟ್ಟು ಹೋದರು, 1968ರಲ್ಲಿ ವಾಪಸ್ ಬಂದು ಕಟ್ಟಿದರು. ಹೊರೆ ಕಡಿಮೆ ಆಗಲಿ ಅಂತ ಕೆಲವು ಉಪಕರಣಗಳನ್ನು ಹಿಡಿ ಇಲ್ಲದೆ ತಂದು, ಹಿಡಿಗಳನ್ನು ಅಲ್ಲೇ ಮರದಲ್ಲಿ ಕೆತ್ತಿಕೊಂಡರು. ಒಂಟಿ ಕೆಲಸಗಾರರಿಗೆ ಇದರಲ್ಲಿ ತುಂಬಾ ಇದೆ. ಹಸಿ ಮರ ಒಣಗೋದು, ಕಾಂಕ್ರೀಟು ಗಟ್ಟಿಯಾಗೋದು, ತುಂಬಿದ ಮಣ್ಣು ಕೂರೋದು, ಇವೆಲ್ಲ ನೀವಿಲ್ಲದಾಗಲೂ ನಡೆಯುವ ಕೆಲಸ. ಹೊರಡುವ ಮುಂಚೆ ಇಂಥದ್ದು ಏನಾದರೂ ಒಂದನ್ನು ಶುರು ಮಾಡಿ ಬನ್ನಿ.

ಮೂಲೆ ಹಿಡಿಯುವುದು

ಕೋಣೆಗೆ 3 ಮತ್ತು 4 ಮೀಟರ್ ಅಂತ ನಾನು ಸುಮ್ನೆ ಇಟ್ಟಿದ್ದಲ್ಲ. ಆ ಅಳತೆಯಲ್ಲಿ ಮೂಲೆಯಿಂದ ಮೂಲೆಗೆ ಸರಿಯಾಗಿ 5 ಮೀಟರ್ ಬರುತ್ತೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲದಾಗ ಇದು ದೊಡ್ಡ ಅನುಕೂಲ.

4 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಎರಡಕ್ಕೂ ತಲೆಯ ಮೇಲೆ ಒಂದೊಂದು ಮೊಳೆ. ಎಳೆದರೆ ಹಿಗ್ಗದ ದಾರದಲ್ಲಿ 3 ಮೀಟರ್‌ನ ಒಂದು ತುಂಡು, 5 ಮೀಟರ್‌ನ ಇನ್ನೊಂದು ತುಂಡು ಮಾಡಿ, ಒಂದೊಂದು ತುದಿಗೆ ಕುಣಿಕೆ ಹಾಕಿ. ಅಳತೆ ಕುಣಿಕೆಯಿಂದ ಶುರುವಾಗಲಿ. 3ರ ದಾರವನ್ನು ಎಡಗಡೆ ಮೊಳೆಗೆ, 5ರದ್ದನ್ನು ಬಲಗಡೆ ಮೊಳೆಗೆ ಸಿಕ್ಕಿಸಿ, ಎರಡೂ ತುದಿಗಳನ್ನು ಒಂದೇ ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆಯಿರಿ. ಎರಡೂ ಬಿಗಿಯಾಗಿ ತುದಿಗಳು ಕೂಡುವ ಜಾಗವೇ ಮೂರನೇ ಮೂಲೆ. ಅಲ್ಲಿ ಗೂಟ. ಆಮೇಲೆ ದಾರಗಳನ್ನು ಅದಲು ಬದಲು ಮಾಡಿದರೆ ನಾಲ್ಕನೆಯದು. ಕೊನೆಗೆ ಮೂರನೆಯ ಗೂಟಕ್ಕೂ ನಾಲ್ಕನೆಯದಕ್ಕೂ ನಡುವೆ ಅಳೆಯಿರಿ. ಸರಿಯಾಗಿ 4 ಮೀಟರ್ ಬಂದರೆ ನಿಮ್ಮ ಮೂಲೆಗಳು ನೇರ ಇವೆ. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲಿಂದ ಮಾಡಿ. ಇಲ್ಲಿ ತಪ್ಪಿದ್ದು ಸೂರಿನವರೆಗೂ ನಿಮ್ಮ ಜೊತೆ ಬರುತ್ತೆ.

ಮಟ್ಟಕ್ಕೆ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಅಲ್ಲಿ ನೀರಿನ ಗೆರೆ ಇರುವ ಕಡೆ ಗುರುತು ಹಾಕಿ. ಇನ್ನೊಂದು ತುದಿಯನ್ನು ಬೇರೆ ಗೂಟದ ಹತ್ತಿರ ಹಿಡಿದಾಗ ಮೊದಲನೇ ತುದಿಯಲ್ಲಿ ನೀರು ಗುರುತಿಗೇ ನಿಂತಿರಬೇಕು, ಅದನ್ನು ಹೋಗಿ ನೋಡಿ ಬರಬೇಕು. ಹಾಗಿದ್ದರೆ ಈ ತುದಿಯ ನೀರಿನ ಗೆರೆಯೂ ಅದೇ ಮಟ್ಟ, ಇಲ್ಲೂ ಗುರುತು ಹಾಕಿ. ಒಳಗೆ ಗಾಳಿಯ ಗುಳ್ಳೆ ಉಳಿದಿದ್ದರೆ ಲೆಕ್ಕ ತಪ್ಪುತ್ತೆ.

ಪಾಯ, ಕಂಬ, ತೊಲೆ

ಉದ್ದಕ್ಕೂ ಪಾಯ ತೋಡುವುದು ಒಬ್ಬರ ಕೆಲಸ ಅಲ್ಲ. ಹಗುರವಾದ ಮರದ ಮನೆಗೆ ಕಂಬದ ಕೆಳಗೊಂದು ಕಾಂಕ್ರೀಟಿನ ದಿಮ್ಮಿ ಸಾಕು. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ನೀರು ಸಿಮೆಂಟಿನ ತೂಕದ ಅರ್ಧದಷ್ಟು. ಕಲಸೋದು ಸುಲಭ ಆಗಲಿ ಅಂತ ನೀರು ಸುರಿದರೆ ಗಟ್ಟಿತನ ಹೋಗುತ್ತೆ. ಒಂದು ಸಲಕ್ಕೆ ಒಂದು ಗುಂಡಿಗೆ ಬೇಕಾದಷ್ಟೇ ಕಲಸಿ. ಕನಿಷ್ಠ 7 ದಿನ ಅದು ಒದ್ದೆಯಾಗಿರಬೇಕು. ವಾರದ ಕೊನೆಗೆ ಮಾತ್ರ ಹೋಗುವವರು ಒದ್ದೆ ಗೋಣಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ ಬರಬೇಕು.

ದಿಮ್ಮಿಯ ತಲೆ ನೆಲದಿಂದ ಒಂದು ಗೇಣಾದರೂ ಮೇಲಿರಲಿ. ಮರಕ್ಕೆ ನೆಲದ ತೇವ ತಾಗಬಾರದು. ಗೆದ್ದಲು ಮೇಲೇರಬೇಕಾದರೆ ದಿಮ್ಮಿಯ ಮೈಮೇಲೆ ಮಣ್ಣಿನ ದಾರಿ ಕಟ್ಟಲೇಬೇಕು. ಅದು ನಿಮ್ಮ ಕಣ್ಣಿಗೆ ಬೀಳುತ್ತೆ. ಪ್ರತಿ ಸಲ ಹೋದಾಗ ನಾನು ಚೀಲ ಇಳಿಸುವ ಮುಂಚೆ ದಿಮ್ಮಿಗಳನ್ನೆಲ್ಲ ಒಂದು ಸುತ್ತು ನೋಡುತ್ತೇನೆ. ಕಂಬ ಹಿಡಿಯುವ ಕಬ್ಬಿಣದ ಪಟ್ಟಿಯನ್ನು ಕಾಂಕ್ರೀಟು ಹಾಕುವಾಗಲೇ ಹೂತುಬಿಡಿ. ಹಗುರ ಮನೆ ಕುಸಿಯುತ್ತೆ ಅನ್ನೋದಕ್ಕಿಂತ, ಗಾಳಿ ಅದನ್ನು ಎತ್ತಿಬಿಡುತ್ತೆ ಅನ್ನೋದೇ ಭಯ.

ಇನ್ನು ತೊಲೆ. 50 ಕೆಜಿಯ ತೊಲೆಯ ಒಂದು ತುದಿಯನ್ನಷ್ಟೇ ಎತ್ತಿದರೆ ನಿಮ್ಮ ಕೈಗೆ ಬರುವುದು ಸುಮಾರು 25 ಕೆಜಿ. ಒಂಟಿ ಕೆಲಸದ ಗುಟ್ಟೆಲ್ಲ ಇದರಲ್ಲಿದೆ. ಒಂದು ತುದಿ ಎತ್ತಿ, ಅಡಿಗೆ ಹಲಗೆ ತುಂಡು ಇಡಿ. ಇನ್ನೊಂದು ತುದಿಗೆ ಹೋಗಿ ಅದನ್ನೇ ಮಾಡಿ. ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸುತ್ತಾ, ತೊಲೆಯನ್ನು ಸ್ವಲ್ಪ ಸ್ವಲ್ಪವೇ ಸೊಂಟದ ಎತ್ತರದವರೆಗೆ ತರಬಹುದು. ಪೇರಿಸಿದ್ದು ಅಗಲವಾಗಿ ಕೂತಿರಬೇಕು, ತೊಲೆ ಉರುಳದಂತೆ ಎರಡೂ ಬದಿಗೆ ಆನಿಕೆ ಇರಬೇಕು. ಅಲ್ಲಿಂದ ಮೇಲಕ್ಕೆ ರಾಟೆ. ಒಂದು ರಾಟೆ ತೊಲೆಗೇ ಕಟ್ಟಿ ಅದರ ಜೊತೆ ಮೇಲೇರುವ ಹಾಗಿದ್ದರೆ ಎಳೆಯುವ ಭಾರ ಹೆಚ್ಚುಕಡಿಮೆ ಅರ್ಧ ಆಗುತ್ತೆ, ಹಗ್ಗ ಮಾತ್ರ ಎರಡರಷ್ಟು ಎಳೆಯಬೇಕು. ಹಗ್ಗದ ತುದಿಯನ್ನು ಪ್ರತಿ ಎಳೆತಕ್ಕೂ ಒಂದು ಗಟ್ಟಿ ಕಂಬಕ್ಕೆ ಸುತ್ತಿ ಹಿಡಿಯಿರಿ. ಎತ್ತುತ್ತಿರುವ ತೊಲೆಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

ಹಿಡಿದುಕೊಳ್ಳಲು ಜನ ಇಲ್ಲದ್ದಕ್ಕೆ ನನ್ನ ಹತ್ತಿರ ಕ್ಲ್ಯಾಂಪುಗಳು ತುಂಬಾ ಇವೆ. ಒಳ್ಳೆಯ ಗರಗಸಕ್ಕಿಂತ ಮೊದಲು ಅವನ್ನು ಕೊಳ್ಳಿ ಅಂತಲೇ ನನ್ನ ಸಲಹೆ.

ಒಬ್ಬರೇ ಇದ್ದಾಗ ಮಾಡಬಾರದ್ದು

ಸೊಂಟಕ್ಕಿಂತ ಆಳದ ಗುಂಡಿಯೊಳಗೆ ಒಬ್ಬರೇ ಇಳಿಯಬೇಡಿ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತೆ. ಗೋಡೆ ಕುಸಿದರೆ ಕೂಗೋದಕ್ಕೂ ಉಸಿರು ಇರಲ್ಲ. ಹಳೇ ಬಾವಿ, ಮುಚ್ಚಿದ ಗುಂಡಿಗೂ ಅಷ್ಟೇ, ಅಲ್ಲಿ ವಿಷಗಾಳಿ ಇರಬಹುದು. ಏಣಿ ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ಬುಡ ದೂರ ಇರಲಿ. ಗಾಳಿ ಇದ್ದಾಗ ಶೀಟು ಮುಟ್ಟಬೇಡಿ. ಯಂತ್ರದ ಗರಗಸದಲ್ಲಿ ಮರ ಕಡಿಯುವ ಕೆಲಸವನ್ನು ಯಾರಾದರೂ ಜೊತೆಗೆ ಬಂದ ದಿನಕ್ಕೆ ಇಟ್ಟುಕೊಳ್ಳಿ. ಇದೊಂದರಲ್ಲಿ ಒಬ್ಬರೇ ಮಾಡಿದೆ ಅನ್ನುವ ಹೆಮ್ಮೆ ಬೇಡವೇ ಬೇಡ. ಪ್ರತಿ ಸಂಜೆ ಒಂದೇ ಹೊತ್ತಿಗೆ ನಾನು ಮನೆಗೆ ಫೋನ್ ಮಾಡುತ್ತೇನೆ. ಫೋನ್ ಬರದಿದ್ದರೆ ಅವರು ಏನು ಮಾಡಬೇಕು ಅಂತ ಮೊದಲೇ ಮಾತಾಗಿದೆ. ಸಿಗ್ನಲ್ ಎಲ್ಲಿ ಸಿಗುತ್ತೆ ಅನ್ನೋದನ್ನು ಮೊದಲ ದಿನವೇ ಹುಡುಕಿಟ್ಟುಕೊಳ್ಳಿ.

ನೀರು, ಬೆಳಕು

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಜಗಲಿ, ಸೂರು ಎಲ್ಲ ಸೇರಿ ನನ್ನ ಮಾಡು ಸುಮಾರು 30 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ 300 ಲೀಟರ್. ಚೆಲ್ಲಿದ್ದು, ಆರಿದ್ದು ಕಳೆದರೆ 240 ಸಿಗುತ್ತೆ ಅಂತ ಇಟ್ಟುಕೊಳ್ಳಿ. ಮೊದಲು ಬೀಳುವ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತೆ, ಅದನ್ನು ಹೊರಗೆ ಬಿಡಿ. ಕುಡಿಯೋದಕ್ಕಾದರೆ ಸೋಸಿ ಕುದಿಸಬೇಕು. 1000 ಲೀಟರ್ ಟ್ಯಾಂಕು ತುಂಬಿದಾಗ ಒಂದು ಟನ್, ಹಾಗಾಗಿ ಅದರ ಕಟ್ಟೆ ಮನೆಯಷ್ಟೇ ಗಟ್ಟಿ ಇರಬೇಕು. ಪಾಯಿಖಾನೆಯ ಗುಂಡಿ ಬಾವಿಯಿಂದ 30 ಮೀಟರ್ ಆದರೂ ದೂರ, ಇಳಿಜಾರಿನ ಕೆಳಗಡೆ ಇರಲಿ.

100 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಸುಮಾರು 300 ವ್ಯಾಟ್-ಅವರ್ ಕೊಡುತ್ತೆ. 9 ವ್ಯಾಟ್‌ನ ಎರಡು ಬಲ್ಬು 5 ಗಂಟೆ ಉರಿದರೆ 90. ಫೋನಿಗೆ ಇನ್ನೊಂದಿಷ್ಟು. ರಾತ್ರಿಯಿಡೀ ಫ್ಯಾನೂ ಬೇಕು ಅಂದರೆ 200 ವ್ಯಾಟ್ ಹಾಕಿ. ಹೊರಗಿನ ಬಲ್ಬು ಕೆಳಕ್ಕೆ ಮುಖ ಮಾಡಿರಲಿ, ಬೇಡದಾಗ ಆರಿಸಿ. ಕಣ್ಣು ಕತ್ತಲೆಗೆ ಹೊಂದೋಕೆ 20–30 ನಿಮಿಷ ಬೇಕು. ಅಷ್ಟು ಹೊತ್ತು ಜಗಲಿಯಲ್ಲಿ ಸುಮ್ನೆ ಕೂತರೆ ನಕ್ಷತ್ರಗಳು ಒಂದೊಂದಾಗಿ ಹೆಚ್ಚುತ್ತಾ ಹೋಗುತ್ತವೆ. ನಡುವೆ ಒಂದು ಸಲ ಫೋನ್ ನೋಡಿದರೆ ಮತ್ತೆ ಮೊದಲಿಂದ ಕಾಯಬೇಕು.

ಇರೋದು, ಬಿಟ್ಟು ಬರೋದು

ಕೆಲಸ ಮುಗಿಯೋದೇ ಇಲ್ಲ, ಅದಕ್ಕೇ ನಿಲ್ಲಿಸುವ ಹೊತ್ತು ಗೊತ್ತಿರಬೇಕು. ಸಂಜೆ ನಾಲ್ಕರ ಮೇಲೆ ನನ್ನ ಪೆಟ್ಟಿಗೆಗೆ ಬೀಗ. ಉಳಿದ ಕೆಲಸಗಳ ಪಟ್ಟಿ ಪೆಟ್ಟಿಗೆಯ ಒಳಗೇ ಇರುತ್ತೆ, ಗೋಡೆಯ ಮೇಲಲ್ಲ. ವಾರಕ್ಕೊಂದು ದಿನ ಹೋದರೂ ಅರ್ಧ ದಿನ ಏನೂ ಮಾಡದೆ ಇರೋದನ್ನು ರೂಢಿ ಮಾಡಿಕೊಳ್ಳಿ. ಎರಡನೇ ಕೋಣೆ ಬೇಕು ಅನ್ನಿಸಿದರೆ ಎಲ್ಲಾ ಕಾಲಗಳೂ ಒಂದು ಸುತ್ತು ಬರಲಿ, ಆಮೇಲೆ ಯೋಚಿಸಿ. ನನಗೆ ಆಗ ಬೇಕಾಗಿದ್ದು ಕೋಣೆ ಅಲ್ಲ, ಜಗಲಿಗೆ ಒಂದು ಬದಿ ಮಳೆಗೆ ಮರೆ ಅಷ್ಟೇ.

ಈ ಮನೆ ಹೆಚ್ಚು ದಿನ ಖಾಲಿಯೇ ಇರುತ್ತೆ, ಆದ್ದರಿಂದ ಹೊರಡುವ ಗಂಟೆಯನ್ನು ಅವಸರದಲ್ಲಿ ಕಳೆಯಬೇಡಿ. ತಿನ್ನುವಂಥದ್ದು ಏನೂ ಬಿಡಬೇಡಿ. ಚಿಟ್ಟಿಲಿ 6 ಮಿಲಿಮೀಟರ್ ಸಂದಿಯಲ್ಲೂ ನುಸುಳುತ್ತೆ, ಸಂದಿಗಳಿಗೆ ಕಬ್ಬಿಣದ ಜಾಲರಿ ತುರುಕಿ. ಟ್ಯಾಂಕಿನ ಬಾಯಿಗೆ ಸೊಳ್ಳೆ ಪರದೆ ಇದೆಯಾ ನೋಡಿ. ಟ್ಯಾಂಕಿನ ಬುಡದ ವಾಲ್ವ್ ತಿರುಗಿಸಿ ಮುಚ್ಚಿ. ಬಲ್ಬು, ಫ್ಯಾನಿನ ಸ್ವಿಚ್ಚು ಆರಿಸಿ, ಆದರೆ ಪ್ಯಾನೆಲ್ಲಿಂದ ಬ್ಯಾಟರಿಗೆ ಬರುವ ಚಾರ್ಜು ನಡೆಯುತ್ತಿರಲಿ. ಸೀಸದ ಬ್ಯಾಟರಿ ಖಾಲಿಯಾಗಿ ಬಿದ್ದಿದ್ದರೆ ಕೆಡುತ್ತೆ. ಹಾಸಿಗೆಯನ್ನು ಗೋಡೆಗೆ ತಾಗದಂತೆ ಎತ್ತಿ ನಿಲ್ಲಿಸಿ. ಸೂರಿನ ಕೆಳಗಿನ ಜಾಲರಿ ಕಿಂಡಿಗಳನ್ನು ಮುಚ್ಚಬೇಡಿ, ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತೆ. ಕೊನೆಗೆ ಮಾಡಿನ ದೋಣಿಯಲ್ಲಿ ತರಗೆಲೆ ತುಂಬಿದೆಯಾ ನೋಡಿ, ತೆಗೆದು, ಏಣಿಯನ್ನು ಒಳಗೆ ಹಾಕಿ ಬೀಗ ಹಾಕಿ.