‘ಥಂಡಿ ಆಗ್ಯಾದ್ರಿ’ ಅಂದರೆ ಚೀಟಿಯಲ್ಲಿ ಏನು ಬರೆಯಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಆಸ್ಪತ್ರೆಯಲ್ಲಿ ರೋಗಿ ಹೇಳಿದ್ದನ್ನು ಚೀಟಿಯಲ್ಲಿ ಬರೆಯುವವರ ಮುಂದೆ ನೆಗಡಿ, ಥಂಡಿ, ಸರ್ದಿ, ನಜ್ಲಾ, ಪಡಸೆ, ಜಲುಬು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ನೆಗಡಿ ಅನ್ನುವ ಒಂದೇ ಕಾಯಿಲೆಗೆ ಹೆಸರು ಎಷ್ಟಿದ್ದರೂ ನಡೆಯುತ್ತದೆ. ಒಂದೇ ಹೆಸರಿನಡಿ ಎರಡು ಕಾಯಿಲೆ ಬಂದಾಗ ಚೀಟಿ ತಪ್ಪುತ್ತದೆ. ಹಾಗಾಗಿ ರೋಗಿ ಆಡಿದ ಪದವನ್ನು ಹಾಗೇ ಬರೆದುಕೊಂಡು ಪಕ್ಕದಲ್ಲಿ ಲಕ್ಷಣ ಬರೆಯಿರಿ.

ಹೆಚ್ಚು ದಾರಿ ತಪ್ಪಿಸುವುದು ‘ಥಂಡಿ’. ‘ಥಂಡಿ ಆಗ್ಯಾದ್ರಿ’ ಅಂದರೆ ಬಹುಮಟ್ಟಿಗೆ ನೆಗಡಿ. ‘ಥಂಡಿ ಹತ್ಲಾಕತ್ತಾದ’ ಅಂದರೆ ಚಳಿ. ಭಾಲ್ಕಿ, ಔರಾದ್, ಬಸವಕಲ್ಯಾಣದ ಮರಾಠಿ ಮನೆಗಳಲ್ಲಿ ‘ಥಂಡಿ ವಾಜತೆ’ ಅನ್ನುವುದೂ ಚಳಿಗೇ, ‘ಥಂಡಿ ತಾಪ’ ಅಂದರೆ ಚಳಿಜ್ವರ. ಇದನ್ನು ನೆಗಡಿ ಎಂದು ಬರೆದುಬಿಟ್ಟರೆ ಮಲೇರಿಯಾಕ್ಕೆ ಆಗಬೇಕಾದ ರಕ್ತಪರೀಕ್ಷೆ ಅಲ್ಲೇ ತಪ್ಪುತ್ತದೆ.

ಮೊದಲು ಮೂಗು ಕೇಳಿ: ‘ಮೂಗು ಸೋರ್ಲಾಕತ್ತಾದೇನ್ರಿ?’ ಉರ್ದು ಮಾತಿನವರಿಗೆ ‘ನಾಕ್ ಬಹರಿ ಕ್ಯಾ?’, ಮರಾಠಿಯವರಿಗೆ ‘ನಾಕ್ ವಾಹತಂಯ ಕಾ?’, ಸೇಡಂ, ಗುರುಮಠಕಲ್ ಕಡೆಯ ತೆಲುಗಿನವರಿಗೆ ‘ಮುಕ್ಕು ಕಾರುತುಂದಾ?’ ಆಮೇಲೆ ನಡುಕ: ‘ಥಂಡ್ ಬಜ್ರಿ ಕ್ಯಾ?’, ‘ಥಂಡಿ ವಾಜತೇಯ ಕಾ?’, ‘ಚಲಿ ಪೆಡುತುಂದಾ?’ ಕೊನೆಗೆ ಜ್ವರ ಎಷ್ಟು ದಿನದ್ದು ಅನ್ನುವುದು. ನಮ್ಮ ಕಡೆ ಜ್ವರವೂ ಬಹುವಚನ, ‘ಜ್ವರ ಬಂದಾವ್ರಿ’ ಅನ್ನುತ್ತಾರೆ. ಎರಡು ಸಲ ಬಂದವು ಎಂದು ತಿಳಿಯಬೇಡಿ.

ಎರಡನೆಯ ಬಲೆ ‘ಕಫ’. ಕನ್ನಡ, ಮರಾಠಿ, ತೆಲುಗಿನಲ್ಲಿ ಅದು ಗಂಟಲಿಂದ ಬರುವ ಲೋಳೆ. ಇಂಗ್ಲಿಷಿನ ‘ಕಾಫ್’ ಅಂದರೆ ಕೆಮ್ಮು. ಶಾಲೆಗೆ ಹೋಗುವ ಮೊಮ್ಮಗ ಅಜ್ಜಿಯ ಪರ ಮಾತಾಡಲು ನಿಂತರೆ ಈ ಎರಡೂ ಕಲೆಸಿಹೋಗುತ್ತವೆ. ಕೆಮ್ಮನ್ನೇ ಕೇಳಬೇಕಾದರೆ ಉರ್ದುವಿಗೆ ಖಾಂಸಿ, ಮರಾಠಿಗೆ ಖೋಕಲಾ, ತೆಲುಗಿಗೆ ದಗ್ಗು. ಕೆಮ್ಮು 2 ವಾರ ದಾಟಿದ್ದರೆ ಯಾವ ಹೆಸರು ಹೇಳಿದರೂ ಕ್ಷಯದ ಕಫ ಪರೀಕ್ಷೆಗೆ ಕಳಿಸಿ.

ಯುನಾನಿ ವೈದ್ಯರ ಚೀಟಿ ತಂದವರಲ್ಲಿ ‘ನಜ್ಲಾ’, ‘ಜುಕಾಮ್’ ಬೇರೆಬೇರೆ. ಲೋಳೆ ಮೂಗಿಗೆ ಇಳಿದರೆ ಜುಕಾಮ್, ಗಂಟಲಿಗೆ ಇಳಿದರೆ ನಜ್ಲಾ. ಅರಬ್ಬಿಯಲ್ಲಿ ‘ನಜ್ಲಾ’ ಪದದ ಮೂಲವೇ ‘ಇಳಿ’ ಅನ್ನುವುದು. ಮನೆಮಾತಿನಲ್ಲಿ ಮಾತ್ರ ಎರಡನ್ನೂ ಕೂಡಿಸಿಯೇ ಆಡುತ್ತಾರೆ, ಕೆದಕುತ್ತ ಕೂಡಬೇಕಿಲ್ಲ. ಮರಾಠಿಯ ಪಡಸೆ, ತೆಲುಗಿನ ಪಡಿಶಂ ಎರಡೂ ಆಯುರ್ವೇದದ ‘ಪ್ರತಿಶ್ಯಾಯ’ ಸವೆದು ಉಳಿದ ರೂಪಗಳು. ಸರ್ದಿ, ಶೀತ, ಥಂಡಿ, ಇಂಗ್ಲಿಷಿನ ಕೋಲ್ಡ್ ಎಲ್ಲವೂ ತಪ್ಪನ್ನು ಚಳಿಯ ಮೇಲೆ ಹಾಕುತ್ತವೆ. 40 ಡಿಗ್ರಿ ದಾಟುವ ಕಲಬುರಗಿ ಬಿಸಿಲಲ್ಲೂ ‘ಥಂಡಿ ಆಗ್ಯಾದ’ ಅನ್ನುವುದು ನಿಂತಿಲ್ಲ. ನೆಗಡಿಗೆ ಕಾರಣ ವೈರಸ್, ಆಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ.

ಕೂಸಿನ ವಿಷಯದಲ್ಲಿ ಹೆಸರು ನಂಬಲೇಬೇಡಿ. ‘ಬರೇ ನೆಗಡಿ’ ಅಂದರೂ ಅಂಗಿ ಎತ್ತಿ, ಅಳದೆ, ಹಾಲು ಕುಡಿಯದೆ ಇರುವಾಗ ಪೂರಾ 60 ಸೆಕೆಂಡು ಉಸಿರು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಎಳೆಕೂಸಿನ ಉಸಿರು ಒಂದೇ ಸಮನೆ ಇರುವುದಿಲ್ಲ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗೆ 50, 1ರಿಂದ 5 ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರಂತೂ ಸಾಲಿನಲ್ಲಿ ಕೂಡಿಸದೆ ನೇರ ಡಾಕ್ಟರ ಹತ್ತಿರ ಒಯ್ಯಿರಿ.

ದೊಡ್ಡವರ ಚೀಟಿ ಹೀಗಿದ್ದರೆ ಸಾಕು: ‘ಸರ್ದಿ’ ಅನ್ನುತ್ತಾರೆ, ಮೂಗು ಸೋರುತ್ತದೆ, ನಡುಕ ಇಲ್ಲ, ಜ್ವರ ಇಲ್ಲ, ಕೆಮ್ಮು 3 ದಿನ.