ಬರಿದೇ ತಿರುಗಿದರೆ ಸಾಲದು: ಹಳೆಯ ಕಾರಿನ ಸೆಲ್ಫ್ ಮೋಟರ್ ಪರೀಕ್ಷಿಸಿದ ಬಗೆ

ನನ್ನ ಮಾರಿಸ್ ಮೈನರ್‌ಗೆ ಎಂಜಿನ್ ಸ್ಟಾರ್ಟ್ ಮಾಡುವ ಬದಲಿ ಸೆಲ್ಫ್ ಮೋಟರ್ ಬಂದಾಗ ಅದನ್ನು ಸೀದಾ ಎಂಜಿನ್‌ಗೆ ಬಿಗಿಯಲಿಲ್ಲ. ‘ಟೆಸ್ಟ್ ಮಾಡಿದೆ’ ಎಂದು ಮಾರುವವರು ಹೇಳಿದರೆ ಬ್ಯಾಟರಿಗೆ ಮುಟ್ಟಿಸಿದಾಗ ತಿರುಗಿತು ಎಂದಷ್ಟೇ ಅರ್ಥ. ಭಾರವೇ ಇಲ್ಲದಿದ್ದರೆ ಸವೆದ ಮೋಟರ್ ಕೂಡ ತಿರುಗುತ್ತದೆ.

ಮೊದಲು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಬೋಲ್ಟ್ ತೂತುಗಳು, ಪಿನಿಯನ್ನಿನ (ತುದಿಯ ಪುಟ್ಟ ಹಲ್ಲುಚಕ್ರದ) ಹಲ್ಲುಗಳ ಎಣಿಕೆ, ಶಾಫ್ಟ್‌ನ ಉದ್ದ ಎಲ್ಲ ತಾಳೆಯಾದವು. ಇದು ಬೆಂಡಿಕ್ಸ್ ಮಾದರಿ. ಮೋಟರ್ ತಟ್ಟನೆ ತಿರುಗಿದಾಗ ಪಿನಿಯನ್ ತನ್ನ ಜಡತ್ವದಿಂದಲೇ ಶಾಫ್ಟಿನ ತಿರುಪು ಮರೆಯ (ಥ್ರೆಡ್) ಮೇಲೆ ಸರಿದು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲ್‌ನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಆ ಮರೆಯಲ್ಲಿ ಅಂಟಿದ್ದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಲು ಬಿಟ್ಟೆ. ಅಲ್ಲಿಗೆ ಎಣ್ಣೆ ಹಾಕಬಾರದು, ಕ್ಲಚ್‌ನ ಧೂಳು ಮೆತ್ತಿಕೊಂಡು ಪಿನಿಯನ್ ಸಿಕ್ಕಿಬೀಳುತ್ತದೆ.

ನನ್ನ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಕಾರಿನ ಲೋಹದ ಮೈಗೆ (ಬಾಡಿ) ಅರ್ತ್ ಆಗಿದೆ. ಹಾಗಿದ್ದರೆ ಮೋಟರ್ ಉಲ್ಟಾ ತಿರುಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ತಿರುಗುವುದಿಲ್ಲ. ಇದರ ಫೀಲ್ಡ್ ಸುರುಳಿಯೂ (ಮೈಗೆ ಬಿಗಿದ ಕಾಂತದ ಸುರುಳಿ) ಆರ್ಮೇಚರ್ರೂ (ಒಳಗೆ ಸುತ್ತುವ ಭಾಗ) ಸರಣಿಯಲ್ಲಿ, ಅಂದರೆ ಸೀರೀಸ್‌ನಲ್ಲಿ, ಇರುವುದರಿಂದ ವಯರ್ ಅದಲುಬದಲಾದರೆ ಎರಡರ ಕಾಂತೀಯ ದಿಕ್ಕೂ ಒಟ್ಟಿಗೇ ಬದಲಾಗಿ ಸುತ್ತುವ ದಿಕ್ಕು ಹಾಗೇ ಉಳಿಯುತ್ತದೆ. ಶಾಶ್ವತ ಕಾಂತವಿರುವ ಈಗಿನ ಮೋಟರ್ ತಂದು ಹಾಕುವವರಿಗೆ ಈ ಅನುಕೂಲ ಇಲ್ಲ.

ಮೋಟರನ್ನು ಮರದ ತುಂಡುಗಳ ನಡುವೆ ವೈಸ್‌ಗೆ ಬಿಗಿದೆ. ಕರೆಂಟು ಕೊಟ್ಟ ಕ್ಷಣ ಅದು ಒದೆಯುವ ರಭಸವನ್ನು ಕೈಯಲ್ಲಿ ಹಿಡಿದು ತಡೆಯಲಾಗದು, ಪಿನಿಯನ್ ಹತ್ತಿರವಂತೂ ಬೆರಳು ಸುಳಿಯಬಾರದು. ಕಿಡಿ ಹಾರುತ್ತದೆಂದು ಬ್ಯಾಟರಿಯನ್ನು ದೂರವೇ ಇಟ್ಟೆ. ಅರ್ತ್ ಕೇಬಲ್ಲನ್ನು ಪೇಂಟ್ ಇಲ್ಲದ ಜಾಗಕ್ಕೆ ಕಚ್ಚಿಸಿ, ಇನ್ನೊಂದು ಕೇಬಲ್ಲಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ, ಕೆಲವೇ ಸೆಕೆಂಡು ಓಡಿಸಿದೆ. ಭಾರವಿಲ್ಲದ ಸೀರೀಸ್ ಮೋಟರ್ ವೇಗ ಏರಿಸಿಕೊಳ್ಳುತ್ತಲೇ ಹೋಗುವುದರಿಂದ ಹೆಚ್ಚು ಹೊತ್ತು ಬಿಡುವಂತಿಲ್ಲ.

ಮೀಟರ್ 50 ಆಂಪಿಯರ್‌ನ ಆಸುಪಾಸು ತೋರಿಸಿತು, ಸದ್ದೂ ಚುರುಕಾಗಿತ್ತು. ಹಳೆಯದನ್ನೂ ಹಾಗೆಯೇ ಅಳೆದೆ. ಅದು ಹೆಚ್ಚು ಕರೆಂಟು ಎಳೆಯುತ್ತ ಸೋಮಾರಿಯಾಗಿ ತಿರುಗುತ್ತಿತ್ತು. ಕರೆಂಟು ಹೆಚ್ಚು, ವೇಗ ಕಡಿಮೆ ಎಂದರೆ ಬುಷ್ (ಶಾಫ್ಟ್ ಕೂರುವ ಕಂಚಿನ ಬಳೆ) ಸವೆದಿರಬೇಕು, ಇಲ್ಲವೇ ಆರ್ಮೇಚರ್ ಎಲ್ಲೋ ಉಜ್ಜುತ್ತಿರಬೇಕು ಅಥವಾ ಒಳಗೆ ಶಾರ್ಟ್ ಆಗಿರಬೇಕು. ಎರಡೂ ಕಡಿಮೆಯಿದ್ದರೆ ಆರ್ಮೇಚರ್‌ಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಅಥವಾ ಜೋಡಣೆಯ ಕಡೆ ನೋಡಬೇಕು.

ನಿಜವಾದ ಪರೀಕ್ಷೆ ಕಾರಿನಲ್ಲೇ. ಕೇಬಲ್ ಬಿಗಿಯುವಾಗ ಒಳಗಿನ ನಟ್ಟನ್ನು ಇನ್ನೊಂದು ಸ್ಪಾನರ್‌ನಿಂದ ಹಿಡಿದುಕೊಂಡೆ. ಇಲ್ಲದಿದ್ದರೆ ಟರ್ಮಿನಲ್ ಪೂರ್ತಿ ತಿರುಗಿ ಒಳಗಿನ ಜೋಡಣೆ ಕಿತ್ತುಬರುತ್ತದೆ. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿನ ವಯರ್ ಬಿಚ್ಚಿ ಸೆಲ್ಫ್ ಹೊಡೆದರೆ, ಮೇಜಿನ ಮೇಲೆ ಅಷ್ಟು ಚೆನ್ನಾಗಿದ್ದ ಮೋಟರ್ ಇಲ್ಲಿ ಏದುಸಿರು ಬಿಡುತ್ತಿದೆ! ಬ್ಯಾಟರಿಯ ತುದಿಯಿಂದ ಮೋಟರಿನ ಟರ್ಮಿನಲ್‌ವರೆಗೆ ವೋಲ್ಟೇಜ್ ಕುಸಿತ ಅಳೆದೆ, ಅರ್ಧ ವೋಲ್ಟ್‌ಗಿಂತ ಕಡಿಮೆ. ಆ ಕಡೆ ತೊಂದರೆಯಿಲ್ಲ. ಅರ್ತ್ ಕಡೆ, ಅಂದರೆ ಮೋಟರಿನ ಮೈಯಿಂದ ಬ್ಯಾಟರಿಯ ಅರ್ತ್ ತುದಿಗೆ, ಒಂದು ವೋಲ್ಟ್‌ಗೂ ಮೀರಿತ್ತು. ಎಂಜಿನ್‌ಗೂ ಬಾಡಿಗೂ ನಡುವಿನ ಪಟ್ಟಿಯ ತುದಿಯಲ್ಲಿ ತುಕ್ಕು. ಕೆರೆದು, ಹೊಳಪು ಬರಿಸಿ ಬಿಗಿದ ಮೇಲೆ ಎಂಜಿನ್ ಸರಾಗವಾಗಿ ತಿರುಗಿತು. ಮೋಟರ್ ಬದಲಿಸುವ ಮೊದಲೇ ಎಲ್ಲರೂ ಮಾಡಬೇಕಾದ ಅಳತೆ ಇದು, ದುಡ್ಡೂ ಖರ್ಚಿಲ್ಲ.

ಹಳೆಯ ಮೋಟರನ್ನು ಬಿಚ್ಚಿದಾಗ ಆರ್ಮೇಚರ್ ಮೇಲೆ ಉಜ್ಜಿದ ಹೊಳೆವ ಗೆರೆಗಳು ಕಂಡವು. ಬುಷ್ ಸವೆದಿತ್ತು. ಹೊಸ ಕಂಚಿನ ಬುಷ್ಷನ್ನು ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಿ ಕೂರಿಸಿದೆ. ಬ್ರಷ್ ಉಜ್ಜುವ ಕಮ್ಯುಟೇಟರನ್ನು ಒರೆಸಿದ್ದಷ್ಟೇ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಲ್ಲಿ ಮಾಡುವಂತೆ ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಈ ಸೆಲ್ಫ್ ಮೋಟರಿನಲ್ಲಿ ಕೆರೆದು ತಗ್ಗಿಸಬಾರದು.